ಟಾಂಪಾ ಪ್ರಕರಣ

ಟಾಂಪಾ ಪ್ರಕರಣ : ಕಡಲಲ್ಲಿ ರಕ್ಷಿಸಿದ ಆಶ್ರಯಾರ್ಥಿಗಳನ್ನು ಯಾವ ದೇಶ ದಡಕ್ಕೆ ಇಳಿಸಿಕೊಳ್ಳಬೇಕು ಎಂಬ ಬಗ್ಗೆ 2001ರಲ್ಲಿ ಆಸ್ಟ್ರೇಲಿಯ, ನಾರ್ವೆ, ಇಂಡೋನೇಷ್ಯಗಳ ನಡುವೆ ಎದ್ದ ವಿವಾದ. ಅಂತರರಾಷ್ಟ್ರೀಯ ಕಡಲ ಕಾನೂನಿನ ತಿದ್ದುಪಡಿಗೆ ಇದು ಮುಖ್ಯ ಪ್ರೇರಣೆಯಾಯಿತು.

ಘಟನೆ : ಆಗಸ್ಟ್ 26ರಂದು ಫ್ರೀಮ್ಯಾಂಟಲ್‌ನಿಂದ ಸಿಂಗಪುರಕ್ಕೆ ಹೊರಟಿದ್ದ ನಾರ್ವೆಯ ಕಂಟೇನರ್ ಹಡಗು ಟಾಂಪಾ, ಆಸ್ಟ್ರೇಲಿಯದ ರಕ್ಷಣಾ ಕೇಂದ್ರದ ಕರೆಗೆ ಓಗೊಟ್ಟು, ಕ್ರಿಸ್‌ಮಸ್ ದ್ವೀಪದ ಉತ್ತರಕ್ಕೆ ಕೆಟ್ಟುನಿಂತಿದ್ದ ಮರದ ಮೀನುದೋಣಿಯಿಂದ 433 ಆಶ್ರಯಾರ್ಥಿಗಳನ್ನು ಹತ್ತಿಸಿಕೊಂಡಿತು. ಹೆಚ್ಚಿನವರು ಅಫ್ಘಾನಿಸ್ತಾನದ ಹಜಾರಾ ಜನ. ಕಪ್ತಾನ ಆರ್ನೆ ರಿನ್ನನ್ ಮೊದಲು ಇಂಡೋನೇಷ್ಯದ ಮೆರಾಕ್ ಬಂದರಿನತ್ತ ಹೊರಟು, ರಕ್ಷಿತರ ಒತ್ತಾಯದಿಂದ ಕ್ರಿಸ್‌ಮಸ್ ದ್ವೀಪದ ಕಡೆಗೆ ತಿರುಗಿದರು. ಆಸ್ಟ್ರೇಲಿಯ ಹಡಗನ್ನು ತನ್ನ ಜಲಸೀಮೆಯೊಳಕ್ಕೆ ಬಿಡಲಿಲ್ಲ. ಕಾಯಿಲೆಬಿದ್ದವರ ಸಲುವಾಗಿ 29ರಂದು ಹಡಗು ಒಳಬಂದಾಗ ವಿಶೇಷ ಸೇನಾಪಡೆ ಅದನ್ನು ಏರಿತು. ಕೊನೆಗೆ ಬಹುಪಾಲು ಜನರನ್ನು ನೌರು ದ್ವೀಪಕ್ಕೆ ಒಯ್ಯಲಾಯಿತು. ಸುಮಾರು 130 ಮಂದಿಯನ್ನು ನ್ಯೂಜಿಲೆಂಡ್ ಬರಮಾಡಿಕೊಂಡಿತು.

ಹೊಣೆಯ ಪ್ರಶ್ನೆ : ಅಪಾಯದಲ್ಲಿರುವವರನ್ನು ಕಾಪಾಡುವುದು ಕಪ್ತಾನನ ಕರ್ತವ್ಯವೆಂದು 1974ರ ಕಡಲ ಸುರಕ್ಷತಾ ಒಡಂಬಡಿಕೆ ಹೇಳುತ್ತದೆ, ಅದಕ್ಕೆ ಬೇಕಾದ ಕಾನೂನನ್ನು ಹಡಗು ನೋಂದಾಯಿತವಾದ ಧ್ವಜರಾಷ್ಟ್ರವೇ ಮಾಡಬೇಕೆಂದು 1982ರ ಕಡಲ ಕಾನೂನು ಒಡಂಬಡಿಕೆಯ 98ನೆಯ ವಿಧಿ ವಿಧಿಸುತ್ತದೆ. 1979ರ ಹ್ಯಾಂಬರ್ಗ್ ಒಡಂಬಡಿಕೆ ರಕ್ಷಿತರನ್ನು ಸುರಕ್ಷಿತ ತಾಣಕ್ಕೆ ತಲಪಿಸಬೇಕೆನ್ನುತ್ತದೆ. ಆ ತಾಣ ಯಾವ ದೇಶದ್ದೆಂದು ಹೇಳುವುದಿಲ್ಲ. 1951ರ ನಿರಾಶ್ರಿತರ ಒಡಂಬಡಿಕೆಯ 33ನೆಯ ವಿಧಿ ಅಪಾಯವಿರುವ ನಾಡಿಗೆ ಮರಳಿ ಕಳಿಸುವುದನ್ನು ನಿಷೇಧಿಸುತ್ತದಾದರೂ ಇಂಡೋನೇಷ್ಯ ಅದಕ್ಕೆ ಸೇರಿರಲಿಲ್ಲ. ಈ ಬಿರುಕಿನಲ್ಲೇ ಟಾಂಪಾ ಸಿಕ್ಕಿಕೊಂಡಿತು.

ಪರಿಹಾರದ ಮಾದರಿಯೊಂದು ಆಗಲೇ ಇತ್ತು ಎಂಬುದನ್ನು ಮರೆಯಲಾಗದು. ಹಿಂದೆ ವಿಯೆಟ್ನಾಂನಿಂದ ದೋಣಿಗಳಲ್ಲಿ ಪಲಾಯನ ಮಾಡುತ್ತಿದ್ದ ದೋಣಿಜನರನ್ನು ಇಳಿಸಿಕೊಳ್ಳಲು ಬಂದರುಗಳು ಒಪ್ಪದಿದ್ದುದರಿಂದ ಎಷ್ಟೋ ಹಡಗುಗಳು ಅವರನ್ನು ಕಂಡೂ ಕಾಣದಂತೆ ಸಾಗುತ್ತಿದ್ದವು. 1979ರ ಜಿನೀವಾ ಸಮ್ಮೇಳನದ ಬಳಿಕ ಕೆಲವು ದೇಶಗಳು ರಕ್ಷಿತರಿಗೆ ನೆಲೆ ಕೊಡುವ ಖಾತರಿ ನೀಡಿದವು. ಆ ಭರವಸೆಯ ಮೇಲೆ ಕರಾವಳಿ ದೇಶಗಳು ತಾತ್ಕಾಲಿಕವಾಗಿ ಇಳಿಸಿಕೊಂಡವು. ಇಳಿಸಿಕೊಳ್ಳುವ ಹೊಣೆಯನ್ನೂ ನೆಲೆ ಕೊಡುವ ಹೊಣೆಯನ್ನೂ ಬೇರ್ಪಡಿಸಿದ್ದೇ ಈ ಏರ್ಪಾಡಿನ ಸತ್ತ್ವ. 2001ರಲ್ಲಿ ಇಂಥ ಏರ್ಪಾಡು ಜಾರಿಗೆ ಬರಲಿಲ್ಲ.

ಪರಿಣಾಮ : ರಿನ್ನನ್, ಸಿಬ್ಬಂದಿ ಮತ್ತು ಹಡಗಿನ ಮಾಲೀಕರಿಗೆ ನಿರಾಶ್ರಿತರ ಸೇವೆಗಾಗಿ ಕೊಡುವ ನಾನ್ಸೆನ್ ಪ್ರಶಸ್ತಿ 2002ರಲ್ಲಿ ಸಂದಿತು. ಕಡಲ ಸುರಕ್ಷತಾ ಮತ್ತು ಹ್ಯಾಂಬರ್ಗ್ ಒಡಂಬಡಿಕೆಗಳಿಗೆ ತಂದ 2004ರ ತಿದ್ದುಪಡಿಗಳು 2006ರ ಜುಲೈ 1ರಿಂದ ಜಾರಿಗೆ ಬಂದವು. ಅವುಗಳಂತೆ, ಯಾವ ದೇಶದ ಹೊಣೆಯಲ್ಲಿರುವ ಶೋಧ ಮತ್ತು ರಕ್ಷಣಾ ವಲಯದಲ್ಲಿ (ಶೋಧ ವಲಯ) ರಕ್ಷಣೆ ನಡೆಯಿತೋ ಆ ದೇಶ ರಕ್ಷಿತರನ್ನು ಇಳಿಸುವ ವ್ಯವಸ್ಥೆಯ ಪ್ರಧಾನ ಹೊಣೆ ಹೊರಬೇಕು. ಆದರೆ ತನ್ನದೇ ಬಂದರನ್ನು ತೆರೆಯಬೇಕೆಂಬ ಕಟ್ಟಳೆ ಇಲ್ಲ. ಮೆಡಿಟರೇನಿಯನ್‌ನಲ್ಲಿ ವಿಶಾಲ ಶೋಧ ವಲಯವುಳ್ಳ ಮಾಲ್ಟಾ ಈ ತಿದ್ದುಪಡಿಗಳನ್ನೇ ಒಪ್ಪಲಿಲ್ಲ.