ಕೊಬ್ಬಿನ ರಿಪೋರ್ಟು, ಹೃದಯದ ಬ್ಲಾಕು

ಆಂಜಿಯೋಗ್ರಾಂ ಮುಗಿಸಿ ಊರಿಗೆ ಬಂದವರನ್ನು ಶಹಾಪುರ, ಸುರಪುರದ ಕಡೆ ಮೊದಲು ಕೇಳುವುದು ‘ಬ್ಲಾಕ್ ಎಷ್ಟು ಪರ್ಸೆಂಟ್?’ ಎಂದು. ಬೆನ್ನಿಗೇ ಇನ್ನೊಂದು ಪ್ರಶ್ನೆ: ‘ಕೊಲೆಸ್ಟ್ರಾಲ್ ನಾರ್ಮಲ್ ಇತ್ತಲ್ಲ, ಹೆಂಗ ಬಂತು?’ ಈ ಎರಡು ಅಂಕಿಗಳ ನಂಟನ್ನು ಬಿಡಿಸಲು ವೈದ್ಯವಿಜ್ಞಾನಕ್ಕೆ ನೂರು ವರ್ಷ ಹಿಡಿದಿದೆ.

1913ರಲ್ಲಿ ರಷ್ಯಾದ ನಿಕೊಲಾಯ್ ಅನಿಚ್ಕೊವ್ ಮೊಲಗಳಿಗೆ ಕೊಲೆಸ್ಟ್ರಾಲ್ ತಿನ್ನಿಸಿ, ಅವುಗಳ ರಕ್ತನಾಳದ ಗೋಡೆಯಲ್ಲಿ ಕೊಬ್ಬು ಕಟ್ಟುವುದನ್ನು ತೋರಿಸಿದರು. ಮನುಷ್ಯರ ಲೆಕ್ಕ ಸಿಗಲು 1948ರಲ್ಲಿ ಆರಂಭವಾದ ಅಮೆರಿಕದ ಫ್ರೇಮಿಂಗ್‌ಹ್ಯಾಮ್ ಅಧ್ಯಯನ ಬೇಕಾಯಿತು. 1958ರಲ್ಲಿ ಮೇಸನ್ ಸೋನ್ಸ್ ಹೃದಯದ ರಕ್ತನಾಳಕ್ಕೇ ನೇರವಾಗಿ ಡೈ ಬಿಟ್ಟು ಚಿತ್ರ ತೆಗೆದ ಮೇಲೆ ಕಾಯಿಲೆಯ ತೀವ್ರತೆಯನ್ನೂ ಅಳೆಯಬಹುದಾಯಿತು. ಅದನ್ನು ಅಂಕಿಗೆ ಇಳಿಸುವ ಜೆನ್ಸಿನಿ, ಸಿಂಟ್ಯಾಕ್ಸ್ ಸ್ಕೋರ್‌ಗಳು ಬಂದವು. ರಕ್ತದ ಕೊಬ್ಬಿನ, ಅಂದರೆ ಲಿಪಿಡ್‌ನ, ಅಂಕಿಯನ್ನು ಈ ಸ್ಕೋರ್ ಜೊತೆ ತಾಳೆ ನೋಡಿದಾಗ ನಂಟು ಕಂಡಿತು, ಆದರೆ ಸಡಿಲವಾಗಿ.

ಕಾರಣಗಳಿವೆ. ಕೆಟ್ಟ ಕೊಲೆಸ್ಟ್ರಾಲ್ ಎನ್ನುವ ಎಲ್‌ಡಿಎಲ್ ಗೋಡೆಯೊಳಗೆ ಸೇರುವುದು ದಶಕಗಳ ಕಾಲ. ರಿಪೋರ್ಟು ಹೇಳುವುದು ಒಂದು ಬೆಳಗಿನ ಮಾತು. ಹೃದಯಾಘಾತವಾಗಿ ಒಂದೆರಡು ದಿನದ ಮೇಲೆ ರಕ್ತ ತೆಗೆದರೆ ಎಲ್‌ಡಿಎಲ್ ಇಳಿದೇ ಇರುತ್ತದೆ. ಮೇಲಾಗಿ, ಆಘಾತ ತರುವ ಕೊಬ್ಬಿನ ಗಂಟು ಎಷ್ಟೋ ಬಾರಿ ಅರ್ಧ ನಾಳವನ್ನೂ ಮುಚ್ಚಿರುವುದಿಲ್ಲ. ಅದು ಒಡೆದು, ಅದರ ಮೇಲೆ ರಕ್ತ ಹೆಪ್ಪುಗಟ್ಟಿ ನಾಳ ಬಂದ್ ಆಗುತ್ತದೆ. ಪರ್ಸೆಂಟನ್ನೇ ನಂಬಿ ಕೂರುವುದು ಅಪಾಯ.

ನಮ್ಮವರ ಚಿತ್ರ ತಿಳಿಯಾದದ್ದು ತಡವಾಗಿ. ಬೆಂಗಳೂರಿನ ಸೇಂಟ್ ಜಾನ್ಸ್ ಕಾಲೇಜಿನಲ್ಲಿ ಓದಿದ ಸಲೀಂ ಯೂಸುಫ್ ನೇತೃತ್ವದಲ್ಲಿ 52 ದೇಶಗಳಲ್ಲಿ ನಡೆದ ಇಂಟರ್‌ಹಾರ್ಟ್ ಅಧ್ಯಯನ 2004ರಲ್ಲಿ ಪ್ರಕಟವಾಯಿತು. ದಕ್ಷಿಣ ಏಷ್ಯಾದವರಿಗೆ ಮೊದಲ ಹೃದಯಾಘಾತ ಸರಾಸರಿ 53ನೇ ವಯಸ್ಸಿಗೇ, ಉಳಿದವರಿಗಿಂತ ಐದಾರು ವರ್ಷ ಮೊದಲೇ ಆಗುತ್ತಿತ್ತು. 2014ರ ಐಸಿಎಂಆರ್-ಇಂಡಿಯಾಬ್ ಸಮೀಕ್ಷೆಯಲ್ಲಿ ಕೊಲೆಸ್ಟ್ರಾಲ್ ಹೆಚ್ಚಿದ್ದವರು ಶೇ 13.9 ಮಾತ್ರ, ಟ್ರೈಗ್ಲಿಸರೈಡ್ ಹೆಚ್ಚಿದ್ದವರು ಶೇ 29.5, ಒಳ್ಳೆಯ ಕೊಬ್ಬಾದ ಎಚ್‌ಡಿಎಲ್ ಕಡಿಮೆ ಇದ್ದವರು ಶೇ 72.3.

ಒಂದು ರಿಪೋರ್ಟು ಹೀಗಿದೆ ಎನ್ನಿ: ಒಟ್ಟು ಕೊಲೆಸ್ಟ್ರಾಲ್ 170, ಎಚ್‌ಡಿಎಲ್ 30, ಟ್ರೈಗ್ಲಿಸರೈಡ್ 250. 1972ರ ಫ್ರೀಡ್‌ವಾಲ್ಡ್ ಸೂತ್ರದಂತೆ ಟ್ರೈಗ್ಲಿಸರೈಡಿನ ಐದನೇ ಒಂದು ಪಾಲು 50. ಅದನ್ನೂ ಎಚ್‌ಡಿಎಲ್ಲನ್ನೂ ಕಳೆದರೆ ಎಲ್‌ಡಿಎಲ್ 90. ನೋಡಿದವರು ನಾರ್ಮಲ್ ಅಂದುಬಿಡುತ್ತಾರೆ. ಒಟ್ಟಿನಿಂದ ಎಚ್‌ಡಿಎಲ್ ಒಂದನ್ನೇ ಕಳೆದು ನೋಡಿ: 140. ಆರೋಗ್ಯವಂತರಿಗೂ ಇದು 130ರೊಳಗಿರಬೇಕು. ಕೆಟ್ಟ ಕೊಬ್ಬು ಅಡಗಿರುವುದು ಇಲ್ಲಿ. ನಾರಾಯಣಪುರ ಎಡದಂಡೆ ಕಾಲುವೆಯ ನೀರು ಬಂದ ಮೇಲೆ ಜೋಳದ ಹೊಲಗಳು ಭತ್ತದ ಗದ್ದೆಗಳಾದ ಸೀಮೆ ಶಹಾಪುರ, ಸುರಪುರದ್ದು. ತಾಟಿನಲ್ಲಿ ರೊಟ್ಟಿ ಕಡಿಮೆಯಾಗಿ ಅನ್ನ ಹೆಚ್ಚಾದಷ್ಟೂ ಟ್ರೈಗ್ಲಿಸರೈಡಿನ ಸಾಲಿಗೆ ಕಣ್ಣು ಹಾಯಿಸಲೇಬೇಕು ಎಂಬುದು ನನ್ನ ದೃಢ ಅಭಿಪ್ರಾಯ.

ಔಷಧದ ದಾರಿ ತೆರೆದದ್ದು ಜಪಾನಿನ ಅಕಿರಾ ಎಂಡೊ; 1970ರ ದಶಕದಲ್ಲಿ ಬೂಷ್ಟಿನಿಂದ, ಕೊಲೆಸ್ಟ್ರಾಲ್ ಇಳಿಸುವ ಮೊದಲ ಸ್ಟ್ಯಾಟಿನ್ ಹೆಕ್ಕಿದರು. 1994ರಲ್ಲಿ 4,444 ಹೃದ್ರೋಗಿಗಳ ಸ್ಕ್ಯಾಂಡಿನೇವಿಯನ್ ಅಧ್ಯಯನ, ಸ್ಟ್ಯಾಟಿನ್ ತೆಗೆದುಕೊಂಡವರಲ್ಲಿ ಸಾವು ಶೇ 30ರಷ್ಟು ಇಳಿದದ್ದನ್ನು ತೋರಿಸಿತು. ಎಚ್‌ಡಿಎಲ್ ಏರಿಸುವ ಮಾತ್ರೆಗಳ ಯತ್ನ ಮಾತ್ರ ಫಲ ಕೊಡಲಿಲ್ಲ.

ಚಿಕಿತ್ಸೆಯೂ ನಮ್ಮ ಕಡೆಗೆ ಹತ್ತಿರವಾಗಿದೆ. 2024ರ ಡಿಸೆಂಬರ್‌ನಲ್ಲಿ ಕಲಬುರಗಿಯಲ್ಲಿ 371 ಹಾಸಿಗೆಯ ಜಯದೇವ ಆಸ್ಪತ್ರೆ ತೆರೆಯಿತು. ಪುನೀತ್ ರಾಜ್‌ಕುಮಾರ್ ಹೆಸರಿನ ಹೃದಯಜ್ಯೋತಿ ಯೋಜನೆ ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್ ಚುಚ್ಚುಮದ್ದನ್ನು ತಾಲ್ಲೂಕು ಆಸ್ಪತ್ರೆಗೇ ತಂದಿತು. ಎದೆ ಹಿಂಡಿದರೆ ‘ಗ್ಯಾಸ್’ ಎಂದು ಸೋಡಾ ಕುಡಿದು ಕಾಯುವವರನ್ನು ಇದು ಉಳಿಸಬಲ್ಲದು, ಹೊತ್ತಿಗೆ ಬಂದರೆ. ಲಿಪಿಡ್ ತಪಾಸಣೆಗಾದರೋ ಕಲಬುರಗಿಯವರೆಗೆ ಹೋಗಬೇಕಿಲ್ಲ. ಭಾರತೀಯ ಹೃದ್ರೋಗ ತಜ್ಞರ ಸಂಘದ 2024ರ ಮಾರ್ಗಸೂಚಿಯಂತೆ ಮೊದಲ ಪರೀಕ್ಷೆಗೆ ಉಪವಾಸವೂ ಬೇಡ. ಕೂಲಿಗೆ ಹೋಗುವವರು ಉಂಡೇ ಬಂದು ರಕ್ತ ಕೊಡಬಹುದು.