ಕಾರಿನ ಎಂಜಿನ್‌ಗೆ ಬೈಕಿನ ಕಾರ್ಬುರೇಟರ್: ಐಡ್ಲಿಂಗ್ ಏಕೆ ನಿಲ್ಲುವುದಿಲ್ಲ?

ಹೊಸಪೇಟೆ: ‘ಸ್ಲೋ ನಿಲ್ಲುತ್ತಿಲ್ಲ’. ಹಳೆಯ ಪೆಟ್ರೋಲ್ ಕಾರು ಇಟ್ಟುಕೊಂಡವರು ಗ್ಯಾರೇಜಿನ ಬಾಗಿಲಲ್ಲಿ ಹೇಳುವ ಮೊದಲ ಮಾತು ಸಾಮಾನ್ಯವಾಗಿ ಇದೇ ಆಗಿರುತ್ತದೆ. ಆಕ್ಸಿಲರೇಟರ್ ಮೇಲಿಂದ ಕಾಲು ತೆಗೆದೊಡನೆ ಎಂಜಿನ್ ಗುದ್ದಿಕೊಳ್ಳುತ್ತದೆ, ಕ್ರಾಸಿಂಗ್‌ನಲ್ಲಿ ನಿಂತರೆ ಆರಿಹೋಗುತ್ತದೆ, ಇಲ್ಲವೇ ಕಾರಣವಿಲ್ಲದೆ 2000 ಸುತ್ತಿನ ವೇಗದಲ್ಲಿ ಕೂಗುತ್ತಲೇ ಇರುತ್ತದೆ. ಕಂಪನಿಯ ಮೂಲ ಕಾರ್ಬುರೇಟರ್ ತೆಗೆದು ಆ ಜಾಗದಲ್ಲಿ ಮೋಟಾರ್‌ಸೈಕಲ್ಲಿನ ಕಾರ್ಬುರೇಟರ್‌ಗಳನ್ನು ಕೂರಿಸಿದ ಕಾರುಗಳಲ್ಲಿ ಈ ತೊಂದರೆ ಇಮ್ಮಡಿಯಾಗುತ್ತದೆ. ಇಂತಹ ಮಾರ್ಪಾಡು ಮಾಡಿರುವ ಅಥವಾ ಮಾಡಬೇಕೆಂದಿರುವ ಓದುಗರಿಗಾಗಿ ಈ ಮಾಹಿತಿ.

ಬೈಕಿನ ಕಾರ್ಬುರೇಟರ್ ಕಾರಿಗೆ ಹಾಕುವ ಹವ್ಯಾಸ ಹೆಚ್ಚು ಬೆಳೆದದ್ದು ಇಂಗ್ಲೆಂಡಿನಲ್ಲಿ. ಮನೆಯಲ್ಲೇ ಸಣ್ಣ ಸ್ಪೋರ್ಟ್ಸ್ ಕಾರು ಕಟ್ಟುವ ಅಲ್ಲಿನ ಹವ್ಯಾಸಿಗಳಿಗೆ ರೇಸಿನ ವೆಬರ್ ಕಾರ್ಬುರೇಟರ್‌ಗಳು ಕೈಗೆಟುಕದಷ್ಟು ದುಬಾರಿಯಾಗಿದ್ದವು. ಆದರೆ ಸುಜುಕಿ, ಯಮಹಾ, ಕವಾಸಕಿಯ ನಾಲ್ಕು ಸಿಲಿಂಡರಿನ ಬೈಕುಗಳಿಂದ ಬಿಚ್ಚಿದ ನಾಲ್ಕರ ಜೋಡಿ ಗುಜರಿ ಅಂಗಡಿಯಲ್ಲಿ ಅಗ್ಗಕ್ಕೆ ಸಿಗುತ್ತಿತ್ತು. ನಮ್ಮಲ್ಲಿ ಈ ಕೆಲಸಕ್ಕೆ ಸಹಜವಾಗಿ ಒದಗುವ ಎಂಜಿನ್ ಮಾರುತಿ 800ರದು. ಅದರ 796 ಸಿಸಿಯನ್ನು ಮೂರು ಸಿಲಿಂಡರಿಗೆ ಹಂಚಿದರೆ ಒಂದಕ್ಕೆ ಸುಮಾರು 265 ಸಿಸಿ ಬರುತ್ತದೆ. ಪಲ್ಸರ್ 220 ಅಥವಾ ಕರಿಜ್ಮಾದಂತಹ ಬೈಕಿನ ಒಂದು ಸಿಲಿಂಡರಿಗೂ ಇದಕ್ಕೂ ಹೆಚ್ಚಿನ ಅಂತರವಿಲ್ಲ. 2020ರ ಏಪ್ರಿಲ್ 1ರಂದು ಬಿಎಸ್-6 ನಿಯಮ ಜಾರಿಯಾದ ಮೇಲೆ ಹೊಸ ಬೈಕುಗಳು ಇಂಧನ ಇಂಜೆಕ್ಷನ್‌ಗೆ ತಿರುಗಿದವು. ಹಳೆಯ ಕಾರ್ಬುರೇಟರ್‌ಗಳು ಗುಜರಿಗೆ ಬರುವುದೂ ಹೆಚ್ಚಿತು.

ಒಂದು ಸ್ವಾರಸ್ಯವನ್ನು ಇಲ್ಲಿ ಹೇಳಬೇಕು. ಇಂದಿನ ಬೈಕ್ ಕಾರ್ಬುರೇಟರಿನೊಳಗೆ ನಿರ್ವಾತದ ಬಲದಿಂದ ತಾನೇ ಮೇಲೇಳುವ ಪಿಸ್ಟನ್ ಇದೆಯಲ್ಲ, ಆ ತತ್ವ ಮೂಲತಃ ಬೈಕಿನದಲ್ಲ. ಇಂಗ್ಲೆಂಡಿನ ಕಾರುಗಳಲ್ಲಿ ದಶಕಗಳ ಕಾಲ ಬಳಕೆಯಲ್ಲಿದ್ದ ಎಸ್‌ಯು ಕಾರ್ಬುರೇಟರ್‌ನದೂ ಅದೇ ತತ್ವ. ಆದ್ದರಿಂದ ‘ಬೈಕಿನದು ಕಾರಿಗೆ ಒಗ್ಗುವುದಿಲ್ಲ’ ಎಂಬ ಸಾರಾಸಗಟು ತೀರ್ಮಾನ ಸರಿಯಲ್ಲ. ಒಗ್ಗದಿರುವುದು ಅದನ್ನು ಕೂರಿಸಿದ ರೀತಿ.

ಐಡ್ಲಿಂಗ್ ನಡೆಯುವುದು ಹೇಗೆ?

ಎಂಜಿನ್ ನಿಧಾನವಾಗಿ ತಿರುಗುವಾಗ ಕಾರ್ಬುರೇಟರಿನ ಬಟರ್‌ಫ್ಲೈ ತಟ್ಟೆ ಬಹುತೇಕ ಮುಚ್ಚಿರುತ್ತದೆ. ಮೇಲೇಳುವ ಪಿಸ್ಟನ್, ಅದರ ಸೂಜಿ, ದೊಡ್ಡ ಜೆಟ್ ಇವಾವುವೂ ಆಗ ಕೆಲಸ ಮಾಡುತ್ತಿರುವುದಿಲ್ಲ. ಪೆಟ್ರೋಲು ಬರುವುದು ಕೂದಲೆಳೆಯಷ್ಟು ಸಣ್ಣ ರಂಧ್ರದ ಪೈಲಟ್ ಜೆಟ್‌ನಿಂದ ಮಾತ್ರ. ಹೀಗಿದ್ದೂ ಐಡ್ಲಿಂಗ್ ಕೆಟ್ಟಿತೆಂದು ಸೂಜಿಯ ಕ್ಲಿಪ್ ಬದಲಿಸುವ, ದೊಡ್ಡ ಜೆಟ್ ಹಾಕುವ ಪದ್ಧತಿ ಇದೆ. ಅದರಿಂದ ಪಿಕಪ್ ಬದಲಾದೀತೇ ಹೊರತು ಐಡ್ಲಿಂಗ್ ಬದಲಾಗದು.

ಬಟರ್‌ಫ್ಲೈ ತಟ್ಟೆಯ ಅಂಚಿನ ಬಳಿ ಎರಡು ಮೂರು ಸಣ್ಣ ರಂಧ್ರಗಳಿರುತ್ತವೆ. ತಟ್ಟೆ ಸ್ವಲ್ಪ ತೆರೆದೊಡನೆ ಇವು ಪೆಟ್ರೋಲು ಕೊಟ್ಟು, ಐಡ್ಲಿಂಗ್‌ನಿಂದ ಓಟಕ್ಕೆ ಎಂಜಿನ್ನನ್ನು ದಾಟಿಸುತ್ತವೆ. ಪೈಲಟ್ ಜೆಟ್ ಕಟ್ಟಿಕೊಂಡಿದ್ದಾಗ ಎಂಜಿನ್ ಆರದಿರಲೆಂದು ಮೆಕ್ಯಾನಿಕ್ ಐಡ್ಲಿಂಗ್ ಸ್ಕ್ರೂ ತಿರುಗಿಸಿ ತಟ್ಟೆಯನ್ನು ತೆರೆದಿಡುತ್ತಾನೆ. ಆಗ ದಾಟಿಸಬೇಕಾದ ರಂಧ್ರಗಳು ಮೊದಲೇ ಬಯಲಾಗುತ್ತವೆ. ಎಂಜಿನ್ ನಿಂತುಕೊಳ್ಳುತ್ತದೆ ನಿಜ, ಆದರೆ ಮಿಕ್ಸ್‌ಚರ್ ಸ್ಕ್ರೂ ಎಷ್ಟು ತಿರುಗಿಸಿದರೂ ಏನೂ ಬದಲಾಗುವುದಿಲ್ಲ. ಗೇರು ಹಾಕಿ ಹೊರಟರೆ ಒಂದು ಜಗ್ಗು ಬರುತ್ತದೆ. ಮಿಕ್ಸ್‌ಚರ್ ಸ್ಕ್ರೂಗೆ ಎಂಜಿನ್ ಸ್ಪಂದಿಸದಿದ್ದರೆ ಮೊದಲು ಅನುಮಾನಿಸಬೇಕಾದದ್ದು ಇದನ್ನೇ.

ಮೊದಲು ಹುಡುಕಬೇಕಾದದ್ದು ಕಳ್ಳಗಾಳಿ

ಟ್ಯಾಪೆಟ್, ಪ್ಲಗ್, ಕಂಪ್ರೆಶನ್, ಇಗ್ನಿಷನ್ ಟೈಮಿಂಗ್ ಸರಿ ಇವೆಯೆಂದು ಖಚಿತಪಡಿಸಿಕೊಳ್ಳದೆ ಕಾರ್ಬುರೇಟರಿಗೆ ಕೈ ಹಾಕಬಾರದು. ಇದನ್ನು ಎಲ್ಲರೂ ಬಲ್ಲರು, ಯಾರೂ ಪಾಲಿಸುವುದಿಲ್ಲ. ಅದಾದ ನಂತರದ ಸರದಿ ಗಾಳಿ ಸೋರಿಕೆಯದು.

ಲೇತ್ ಅಂಗಡಿಯಲ್ಲಿ ಮಾಡಿಸಿದ ಮ್ಯಾನಿಫೋಲ್ಡ್ ವೆಲ್ಡಿಂಗ್‌ನ ಬಿಸಿಗೆ ತುಸು ಸೊಟ್ಟಗಾಗಿರುತ್ತದೆ. ಪ್ಯಾಕಿಂಗ್ ಹಾಕಿ ಬಿಗಿದರೂ ಒಂದು ಮೂಲೆಯಲ್ಲಿ ಗಾಳಿ ನುಗ್ಗುತ್ತದೆ. ಹಳೆಯ ಬೈಕಿನಿಂದ ಬಂದ ರಬ್ಬರ್ ಕಾಲರ್‌ಗಳು ಬಿಸಿಲಿಗೆ ಒಣಗಿ ಸೂಕ್ಷ್ಮವಾಗಿ ಬಿರುಕು ಬಿಟ್ಟಿರುತ್ತವೆ. ಎಂಜಿನ್ ಓಡುತ್ತಿರುವಾಗ ಈ ಜೋಡಣೆಗಳ ಮೇಲೆ ಸ್ಪ್ರೇ ಬಾಟಲಿಯಿಂದ ನೀರು ಸಿಂಪಡಿಸಿ. ಶಬ್ದ ಬದಲಾದ ಜಾಗವೇ ಸೋರುವ ಜಾಗ. ಊದುಬತ್ತಿಯ ಹೊಗೆ ಎಳೆಯುತ್ತದೆಯೇ ಎಂದು ನೋಡುವ ಉಪಾಯವೂ ಕೆಲವರಲ್ಲಿದೆ. ಪೆಟ್ರೋಲು ಜಿನುಗುವ ಕಡೆ ಕೆಂಡ ಹಿಡಿಯುವುದು ಬೇಡ.

ಸೋರಿಕೆಯ ಇನ್ನೊಂದು ಬಾಗಿಲು ಹಳೆಯ ನಿರ್ವಾತ ಕೊಳವೆಗಳು. ಡಿಸ್ಟ್ರಿಬ್ಯೂಟರಿಗೆ ಹೋಗುತ್ತಿದ್ದ ಕೊಳವೆ, ಬ್ರೇಕ್ ಬೂಸ್ಟರ್ ಇರುವ ಕಾರುಗಳಲ್ಲಿ ಅದರ ಕೊಳವೆ, ಎರಡೂ ಮೂಲ ಮ್ಯಾನಿಫೋಲ್ಡ್ ತೆಗೆದಾಗ ಅನಾಥವಾಗುತ್ತವೆ. ಬೂಸ್ಟರಿನದನ್ನು ಒಂದೇ ಸಿಲಿಂಡರಿನ ದಾರಿಗೆ ಜೋಡಿಸಿದರೆ ಬ್ರೇಕ್ ಒತ್ತಿದಾಗಲೆಲ್ಲ ಆ ಸಿಲಿಂಡರಿಗೆ ಹೆಚ್ಚುವರಿ ಗಾಳಿ ಹೊಕ್ಕು ಮಿಸ್ಸಿಂಗ್ ಆಗುತ್ತದೆ, ಬೂಸ್ಟರಿಗೂ ಸ್ಥಿರ ನಿರ್ವಾತ ದೊರೆಯುವುದಿಲ್ಲ. ಇದು ಬರೀ ಐಡ್ಲಿಂಗ್ ಪ್ರಶ್ನೆಯಲ್ಲ. ಸಂಡೂರಿನ ಘಾಟಿಯಲ್ಲಿ ಅದಿರಿನ ಲಾರಿಯ ಹಿಂದೆ ಇಳಿಯುವಾಗ ಬ್ರೇಕ್ ಪೆಡಲ್ ಕಲ್ಲಿನಂತಾದರೆ ಏನಾಗುತ್ತದೆಂದು ಊಹಿಸಬಹುದು. ಮೂರೂ ಸಿಲಿಂಡರಿನ ದಾರಿಗಳನ್ನು ಸಣ್ಣ ಕೊಳವೆಗಳಿಂದ ಒಂದು ಸಮಾನ ಕೊಳವೆಗೆ ಕೂಡಿಸಿ, ಅಲ್ಲಿಂದ ಏಕಮುಖ ವಾಲ್ವಿನ ಮೂಲಕ ಬೂಸ್ಟರಿಗೆ ಸಂಪರ್ಕ ಕೊಡುವುದೇ ಸರಿಯಾದ ಕ್ರಮ. ಈ ಸಮಾನ ಕೊಳವೆಯಿಂದ ಐಡ್ಲಿಂಗ್ ಕೂಡ ಸಾಕಷ್ಟು ನಯವಾಗುತ್ತದೆ. ಒಂದೊಂದು ಸಿಲಿಂಡರಿಗೂ ಪ್ರತ್ಯೇಕ ಕಾರ್ಬುರೇಟರ್ ಇದ್ದಾಗ ಎಳೆತ ಬಿಟ್ಟುಬಿಟ್ಟು ಬರುತ್ತದೆ. ಕೊಳವೆ ಅದನ್ನು ಹಂಚಿಹಾಕುತ್ತದೆ.

ಪೆಟ್ರೋಲಿನ ಒತ್ತಡ ಮತ್ತು ಮಟ್ಟ

ನಮ್ಮ ಸಾಮಾನ್ಯ ಬೈಕುಗಳಲ್ಲಿ ಟ್ಯಾಂಕು ಕಾರ್ಬುರೇಟರಿಗಿಂತ ಮೇಲಿರುತ್ತದೆ. ಒಂದು ಅಡಿ ಎತ್ತರದ ಪೆಟ್ರೋಲಿನ ಒತ್ತಡ ಸುಮಾರು 0.3 ಪಿಎಸ್‌ಐ ಮಾತ್ರ. ಕಾರಿನ ಯಾಂತ್ರಿಕ ಪಂಪು ಸಾಮಾನ್ಯವಾಗಿ 3ರಿಂದ 5 ಪಿಎಸ್‌ಐ ಒತ್ತುತ್ತದೆ. ಹತ್ತು ಪಟ್ಟು ಹೆಚ್ಚಿದ ಈ ಒತ್ತಡಕ್ಕೆ ಫ್ಲೋಟಿನ ಪುಟ್ಟ ಸೂಜಿ ತಡೆಯಲಾರದು. ಬಟ್ಟಲು ತುಂಬಿ ಎಂಜಿನ್‌ಗೆ ಹಸಿ ಪೆಟ್ರೋಲು ಹರಿಯುತ್ತದೆ, ಪ್ಲಗ್ ಕಪ್ಪಾಗುತ್ತದೆ, ಕೆಲವೊಮ್ಮೆ ಹೊರಗೆ ಸುರಿದು ಬಿಸಿ ಸೈಲೆನ್ಸರ್ ಪೈಪಿನ ಮೇಲೂ ಬೀಳುತ್ತದೆ. ಹಳೆಯ ಕಾರುಗಳು ಹೊತ್ತಿಕೊಳ್ಳುವುದಕ್ಕೆ ಇಷ್ಟು ಸಾಕು. ಒತ್ತಡ 2 ಪಿಎಸ್‌ಐ ಮೀರದಂತೆ ರೆಗ್ಯುಲೇಟರ್, ಹೆಚ್ಚಾದದ್ದು ಟ್ಯಾಂಕಿಗೆ ಮರಳಲು ರಿಟರ್ನ್ ಪೈಪು ಇರಲೇಬೇಕು. ವಿದ್ಯುತ್ ಪಂಪು ಹಾಕಿದ್ದರೆ ಎಂಜಿನ್ ನಿಂತೊಡನೆ ಅದೂ ನಿಲ್ಲುವಂತೆ ರಿಲೇ ಬೇಕು. ಡ್ಯಾಶ್‌ಬೋರ್ಡಿನ ಕೆಳಗೆ ಒಂದು ಬೆಂಕಿ ನಂದಿಸುವ ಸಿಲಿಂಡರ್ ಇದ್ದರೆ ಹೆಚ್ಚೇನೂ ಜಾಗ ತಿನ್ನುವುದಿಲ್ಲ.

ಬೈಕಿನಲ್ಲಿ ಎಷ್ಟು ವಾಲಿತ್ತೋ ಕಾರಿನಲ್ಲೂ ಕಾರ್ಬುರೇಟರ್ ಅಷ್ಟೇ ವಾಲಿರಬೇಕು. ಕೋನ ತಪ್ಪಿದರೆ ಫ್ಲೋಟ್ ತೋರಿಸುವ ಮಟ್ಟವೇ ಸುಳ್ಳಾಗುತ್ತದೆ. ಪರೀಕ್ಷೆ ಸುಲಭ: ಬಟ್ಟಲಿನ ಕೆಳಗಿನ ಡ್ರೈನ್ ಮೂತಿಗೆ ಪಾರದರ್ಶಕ ಪೈಪು ಸಿಕ್ಕಿಸಿ, ಅದನ್ನು ಬಟ್ಟಲಿನ ಪಕ್ಕದಲ್ಲಿ ಮೇಲಕ್ಕೆ ಹಿಡಿದು ಸ್ಕ್ರೂ ಸಡಿಲಿಸಿದರೆ ಒಳಗಿನ ಮಟ್ಟ ಪೈಪಿನಲ್ಲಿ ಕಾಣುತ್ತದೆ. ಮೂರರಲ್ಲೂ ಒಂದೇ ಗೆರೆಗೆ ಬರಬೇಕು.

ಚೋಕ್ ಕಡೆಗೂ ಗಮನವಿರಲಿ. ಬೈಕಿನ ಚೋಕ್ ಒಂದು ಚಿಕ್ಕ ಪ್ಲಂಜರ್. ಕೇಬಲ್ ಬಿಗಿಯಾಗಿದ್ದು ಅದು ಪೂರ್ತಿ ಕೂರದಿದ್ದರೆ ಎಂಜಿನ್ ಬಿಸಿಯಾದ ಮೇಲೆ ಐಡ್ಲಿಂಗ್ ಕೆಡುತ್ತದೆ.

ಸಂಡೂರಿನ ಧೂಳು, ಹಂಪಿಯ ಬಿಸಿಲು

ಅದಿರು ಸಾಗಣೆಯ ರಸ್ತೆಗಳಲ್ಲಿ ಓಡಾಡುವ ವಾಹನದ ಫಿಲ್ಟರ್ ಬಿಚ್ಚಿ ನೋಡಿದವರಿಗೆ ಆ ಕೆಂಪು ಹುಡಿಯ ಪರಿಚಯವಿರುತ್ತದೆ. ಕಬ್ಬಿಣದ ಅದಿರಿನ ಧೂಳು ನುಣುಪಾಗಿ ಕಂಡರೂ ಗಟ್ಟಿ. ಸಿಲಿಂಡರ್ ಗೋಡೆಯನ್ನೂ ಬಟರ್‌ಫ್ಲೈ ದಂಡವನ್ನೂ ಸವೆಸುತ್ತದೆ. ದಂಡ ಸವೆದರೆ ಅಲ್ಲಿಂದಲೂ ಕಳ್ಳಗಾಳಿ. ನೋಟಕ್ಕೆ ಚೆಂದವೆಂದು ಕಾರ್ಬುರೇಟರ್ ಬಾಯಿಯನ್ನು ತೆರೆದೇ ಬಿಡುವವರು ತೋರಣಗಲ್ಲು, ದೋಣಿಮಲೈ ಕಡೆಗೆ ಒಮ್ಮೆ ಹೋಗಿ ಬಂದರೆ ಸಾಕು, ಚಟ ಬಿಡುತ್ತದೆ. ಎಣ್ಣೆ ಹಚ್ಚಿದ ಸ್ಪಂಜಿನ ಫಿಲ್ಟರ್ ಹಾಕಿ, ಆಗಾಗ ತೊಳೆಯಬೇಕು. ಆದರೆ ಬಿಡಿ ಫಿಲ್ಟರ್ ಕೊಳ್ಳುವಾಗ ಒಂದು ಎಚ್ಚರಿಕೆ: ಪೈಲಟ್ ದಾರಿಗೆ ಗಾಳಿ ಕೊಡುವ ಸಣ್ಣ ರಂಧ್ರ ಕಾರ್ಬುರೇಟರ್ ಬಾಯಿಯ ಅಂಚಿನಲ್ಲೇ ಇರುತ್ತದೆ. ಫಿಲ್ಟರಿನ ರಬ್ಬರ್ ತುಟಿ ಅದನ್ನು ಮುಚ್ಚಿದರೆ ಪೆಟ್ರೋಲು ಅತಿಯಾಗಿ ಐಡ್ಲಿಂಗ್ ಕೆಡುತ್ತದೆ. ಜೆಟ್ ಮೇಲೆ ಜೆಟ್ ಬದಲಿಸಿ ಸೋತವರಲ್ಲಿ ಎಷ್ಟೋ ಮಂದಿಯ ಸಮಸ್ಯೆ ಈ ತುಟಿಯದೇ ಆಗಿರುತ್ತದೆ.

ಕಟ್ಟಿಕೊಂಡ ಪೈಲಟ್ ಜೆಟ್‌ಗೆ ಕರೆಂಟ್ ವೈರಿನ ಎಳೆ ತೂರಿಸುವುದು ನಮ್ಮ ಗ್ಯಾರೇಜುಗಳ ಹಳೆಯ ರೂಢಿ. ಹಿತ್ತಾಳೆ ಮೆದು ಲೋಹ. ರಂಧ್ರ ಹಿಗ್ಗಿದರೆ ಆ ಜೆಟ್ ಕೆಲಸಕ್ಕೆ ಬಾರದು. ಕ್ಲೀನರ್ ದ್ರವದಲ್ಲಿ ನೆನೆಸಿ ಗಾಳಿ ಹೊಡೆಯುವುದು ಕ್ಷೇಮ.

ಬೇಸಿಗೆಯಲ್ಲಿ ಹಂಪಿಗೆ ಬಂದವರು ವಿಠ್ಠಲ ದೇವಾಲಯ ನೋಡಿ ಹಿಂದಿರುಗುವಷ್ಟರಲ್ಲಿ ನಿಂತ ಕಾರಿನ ಬಾನೆಟ್ಟಿನೊಳಗೆ ಶಾಖ ಇನ್ನಷ್ಟು ಏರಿರುತ್ತದೆ. ಎಂಜಿನ್ ಆರಿಸಿದ ಮೊದಲ ಅರ್ಧ ಗಂಟೆಯಲ್ಲಿ ಬಟ್ಟಲಿನ ಪೆಟ್ರೋಲು ಕುದಿದು ಮ್ಯಾನಿಫೋಲ್ಡಿಗೆ ಸೋರುತ್ತದೆ. ಮರಳಿ ಸ್ಟಾರ್ಟ್ ಮಾಡಿದಾಗ ಕರಿಹೊಗೆ, ಗುದ್ದಾಟ. ಕಾರ್ಬುರೇಟರ್ ಮತ್ತು ಮ್ಯಾನಿಫೋಲ್ಡ್ ನಡುವೆ ಬೇಕಲೈಟ್‌ನ ದಪ್ಪ ತುಂಡು, ಸೈಲೆನ್ಸರ್ ಕಡೆಗೆ ತಗಡಿನ ಮರೆ ಇವೆರಡೂ ಸೇರಿ ಬಹುಪಾಲು ಪರಿಹಾರ ಕೊಡುತ್ತವೆ. ಗದ್ದೆಯ ಹಸಿರಿನಿಂದಾಗಿ ಕಂಪ್ಲಿಯ ಕಡೆ ಗಾಳಿ ತುಸು ತಂಪೆನಿಸಿದರೂ, ಸೇತುವೆಯ ಮೇಲೆ ಟ್ರ್ಯಾಕ್ಟರುಗಳ ಹಿಂದೆ ತೆವಳುವಾಗ ಇದೇ ಕಥೆ.

ರಾಮಗಡದ ಎತ್ತರಕ್ಕೆ ಹೋದಾಗ ಐಡ್ಲಿಂಗ್ ಕೆಟ್ಟರೆ ‘ಗಾಳಿ ತೆಳು’ ಎಂದು ದೂರುವವರಿದ್ದಾರೆ. ಹೊಸಪೇಟೆ ಸಮುದ್ರಮಟ್ಟದಿಂದ ಸುಮಾರು 480 ಮೀಟರ್ ಎತ್ತರದಲ್ಲಿದ್ದರೆ ರಾಮಗಡ ಸಾವಿರ ಮೀಟರ್ ಆಸುಪಾಸಿನಲ್ಲಿದೆ. ಈ ಅಂತರಕ್ಕೆ ಗಾಳಿಯ ಸಾಂದ್ರತೆ ಇಳಿಯುವುದು ಶೇ 5ರಷ್ಟು, ಮಿಶ್ರಣ ಬದಲಾಗುವುದು ಶೇ 2.5ರಷ್ಟು ಮಾತ್ರ. ಡಿಸೆಂಬರ್ ಬೆಳಗಿನ 16 ಡಿಗ್ರಿಗೂ ಏಪ್ರಿಲ್ ಮಧ್ಯಾಹ್ನದ 42 ಡಿಗ್ರಿಗೂ ಇರುವ ವ್ಯತ್ಯಾಸ ಇದಕ್ಕಿಂತ ದೊಡ್ಡದು.

ಅದಕ್ಕಿಂತಲೂ ದೊಡ್ಡದು ಪೆಟ್ರೋಲಿನಲ್ಲೇ ಆಗಿರುವ ಬದಲಾವಣೆ. ಶುದ್ಧ ಪೆಟ್ರೋಲಿನ ಒಂದು ಪಾಲು ಸರಿಯಾಗಿ ಉರಿಯಲು ತೂಕದಲ್ಲಿ 14.7 ಪಾಲು ಗಾಳಿ ಬೇಕು. ಶೇ 20ರಷ್ಟು ಎಥನಾಲ್ ಬೆರೆತ ಇ20ಕ್ಕೆ ಸುಮಾರು 13.5 ಪಾಲು ಸಾಕು. ಅಂದರೆ ಅಷ್ಟೇ ಗಾಳಿಗೆ ಶೇ 8-9ರಷ್ಟು ಹೆಚ್ಚು ಇಂಧನ ಬೇಕಾಗುತ್ತದೆ. ಇಂಜೆಕ್ಷನ್ ಇರುವ ವಾಹನದ ಸೆನ್ಸರ್ ಇದನ್ನು ತಾನೇ ಸರಿದೂಗಿಸಿಕೊಳ್ಳುತ್ತದೆ. ಕಾರ್ಬುರೇಟರಿಗೆ ಆ ಬುದ್ಧಿಯಿಲ್ಲ. ಹಿಂದೆ ಸರಿಯಾಗಿದ್ದ ಐಡ್ಲಿಂಗ್ ಈಗ ತಾನಾಗಿ ಕೆಟ್ಟಿದ್ದರೆ ಪೈಲಟ್ ಜೆಟ್ ಒಂದು ಅಳತೆ ಹೆಚ್ಚಿಸಿ ನೋಡಬಹುದು. ಎಥನಾಲ್ ಹಳೆಯ ರಬ್ಬರನ್ನು ಉಬ್ಬಿಸುತ್ತದೆ, ಗಾಳಿಯ ತೇವವನ್ನೂ ಹೀರುತ್ತದೆ. ವಾರಗಟ್ಟಲೆ ನಿಲ್ಲಿಸುವ ಕಾರಾದರೆ ಬಟ್ಟಲು ಖಾಲಿ ಮಾಡಿಡುವುದು ಒಳ್ಳೆಯದು.

ಹೊಂದಿಸುವ ಕ್ರಮ

ಮೂರೂ ತಟ್ಟೆಗಳು ಸಮನಾಗಿ ತೆರೆಯದಿದ್ದರೆ ಉಳಿದ ಶ್ರಮವೆಲ್ಲ ವ್ಯರ್ಥ. ಬೈಕ್ ಮೆಕ್ಯಾನಿಕ್‌ಗಳ ಬಳಿ ಇರುವ ನಿರ್ವಾತ ಗೇಜ್ ಸಿಕ್ಕರೆ ಉತ್ತಮ. ಇಲ್ಲವಾದರೆ ಹಲಗೆಗೆ ಕಟ್ಟಿದ ಉದ್ದನೆಯ ಪಾರದರ್ಶಕ ಪೈಪಿನಲ್ಲಿ ಟೂ-ಸ್ಟ್ರೋಕ್ ಎಣ್ಣೆ ಹಾಕಿ, ಎರಡು ತುದಿಗಳನ್ನು ಎರಡು ಸಿಲಿಂಡರಿನ ದಾರಿಗೆ ಜೋಡಿಸಿ. ಎಣ್ಣೆ ಯಾವ ಕಡೆ ಏರುತ್ತದೋ ಆ ಕಡೆಯ ತಟ್ಟೆ ಹೆಚ್ಚು ಮುಚ್ಚಿದೆ ಎಂದರ್ಥ. ತುದಿಗಳಲ್ಲಿ ಸಣ್ಣ ರಂಧ್ರದ ತಡೆ ಇಡದಿದ್ದರೆ ಎಂಜಿನ್ ಎಣ್ಣೆಯನ್ನೇ ಕುಡಿದುಬಿಡುತ್ತದೆ. ಈ ಹೊತ್ತಿನಲ್ಲಿ ಸಮಾನ ಕೊಳವೆಯ ಶಾಖೆಗಳನ್ನು ಹಿಸುಕಿ ಮುಚ್ಚಿರಬೇಕು, ಇಲ್ಲದಿದ್ದರೆ ವ್ಯತ್ಯಾಸ ಮರೆಯಾಗುತ್ತದೆ.

ಆಮೇಲೆ ಮಿಕ್ಸ್‌ಚರ್ ಸ್ಕ್ರೂ. ಅದು ತಟ್ಟೆಗಿಂತ ಎಂಜಿನ್ ಕಡೆಗಿದ್ದರೆ ಪೆಟ್ರೋಲಿನ ಸ್ಕ್ರೂ: ಬಿಚ್ಚಿದಷ್ಟೂ ಪೆಟ್ರೋಲು ಹೆಚ್ಚು. ಫಿಲ್ಟರ್ ಕಡೆಗಿದ್ದರೆ ಗಾಳಿಯದು: ಬಿಚ್ಚಿದಷ್ಟೂ ಪೆಟ್ರೋಲು ಕಡಿಮೆ. ಇದನ್ನು ತಿಳಿಯದೆ ತಿರುಗಿಸಿದರೆ ಪ್ರತಿ ಹೆಜ್ಜೆಯೂ ಉಲ್ಟಾ ಆಗುತ್ತದೆ. ಮೆಲ್ಲಗೆ ಪೂರ್ತಿ ಒಳಗೆ ಕೂರಿಸಿ, ಒಂದೂವರೆಯಿಂದ ಎರಡು ಸುತ್ತು ಹೊರಕ್ಕೆ ತಂದು ಆರಂಭಿಸಿ. ಎಂಜಿನ್ ಚೆನ್ನಾಗಿ ಬಿಸಿಯಾಗಿರಲಿ. ಕಾಲು ಸುತ್ತಿನಂತೆ ತಿರುಗಿಸುತ್ತ ಅತಿ ಹೆಚ್ಚು ವೇಗ ಬರುವ ಸ್ಥಾನ ಹುಡುಕಿ, ನಂತರ ಐಡ್ಲಿಂಗ್ ಸ್ಕ್ರೂನಿಂದ ವೇಗವನ್ನು 900-1000 ಸುತ್ತಿಗೆ ಇಳಿಸಿ. ಮೂರು ಸುತ್ತು ದಾಟಿಯೂ ಪೆಟ್ರೋಲಿನ ಸ್ಕ್ರೂ ಇನ್ನಷ್ಟು ಕೇಳುತ್ತಿದ್ದರೆ ಪೈಲಟ್ ಜೆಟ್ ಚಿಕ್ಕದು, ಮುಕ್ಕಾಲು ಸುತ್ತಿನೊಳಗೇ ತೃಪ್ತಿಯಾದರೆ ದೊಡ್ಡದು. ಕೊನೆಗೆ ತಟ್ಟೆಗಳ ಸಮತೋಲವನ್ನು ಇನ್ನೊಮ್ಮೆ ನೋಡಬೇಕು.

ಹೊಗೆ ತಪಾಸಣೆ

ಐಡ್ಲಿಂಗ್ ಸರಿಪಡಿಸುವುದು ಸುಖಕ್ಕಾಗಿ ಮಾತ್ರವಲ್ಲ. ಮಾಲಿನ್ಯ ತಪಾಸಣಾ ಕೇಂದ್ರದಲ್ಲಿ ಕಾರ್ಬುರೇಟರ್ ಕಾರಿನ ಹೊಗೆ ಅಳೆಯುವುದೇ ಐಡ್ಲಿಂಗ್ ಸ್ಥಿತಿಯಲ್ಲಿ. ಭಾರತ್ ಸ್ಟೇಜ್-2ಕ್ಕೆ ಹಿಂದಿನ ನಾಲ್ಕು ಚಕ್ರದ ಪೆಟ್ರೋಲ್ ವಾಹನಗಳಿಗೆ ಇಂಗಾಲದ ಮಾನಾಕ್ಸೈಡ್ ಮಿತಿ ಶೇ 3, ಹೈಡ್ರೋಕಾರ್ಬನ್ ಮಿತಿ 1500 ಪಿಪಿಎಂ. ಮೇಲಿನ ಕ್ರಮ ಅನುಸರಿಸಿದರೆ ಈ ಮಿತಿಯೊಳಗೆ ಬರುವುದು ಕಷ್ಟವಲ್ಲ. ಸ್ಟೇಜ್-2 ಹಾಗೂ ಸ್ಟೇಜ್-3ರ ಕಾರುಗಳಿಗೆ ಮಿತಿ ಶೇ 0.5 ಮತ್ತು 750 ಪಿಪಿಎಂ. ಇಂಜೆಕ್ಷನ್ ಇರುವ ಕಾರಿನಿಂದ ಅದನ್ನು ಕಿತ್ತು ಬೈಕ್ ಕಾರ್ಬುರೇಟರ್ ಹಾಕಿದವರು ಇದನ್ನು ದಾಟುವುದು ಬಹಳ ಕಷ್ಟ. ಆ ಪ್ರಯತ್ನವನ್ನೇ ಕೈಬಿಡುವುದು ಲೇಸು. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ತಯಾರಕರ ಮೂಲ ವಿವರಗಳಿಂದ ನೋಂದಣಿ ಪತ್ರದ ವಿವರ ಭಿನ್ನವಾಗುವಂತಹ ಮಾರ್ಪಾಡನ್ನು ನಿರ್ಬಂಧಿಸುತ್ತದೆ. ಆದ್ದರಿಂದ ಎಂಜಿನ್‌ಗೆ ಕೈ ಹಾಕುವ ಮೊದಲು ಸಾರಿಗೆ ಕಚೇರಿಯಲ್ಲಿ ವಿಚಾರಿಸಿಕೊಳ್ಳುವುದು ಅಗತ್ಯ. ಬಿಚ್ಚಿದ ಮೂಲ ಕಾರ್ಬುರೇಟರ್ ಮತ್ತು ಮ್ಯಾನಿಫೋಲ್ಡನ್ನು ಗುಜರಿಗೆ ಹಾಕದೆ, ಎಣ್ಣೆ ಸವರಿ ಗೋಣಿಚೀಲದಲ್ಲಿ ಕಟ್ಟಿ ಅಟ್ಟದ ಮೇಲಿಡಿ.