ನಾಯಕ ಮತ್ತು ಇಂಡೂನ

ಶಹಾಪುರ ತಾಲೂಕಿನ ವನದುರ್ಗಕ್ಕೆ ಹೋದವರು ಸುರಪುರದ ನಾಯಕರ ಮಾತು ಕೇಳದೆ ಮರಳುವುದಿಲ್ಲ. ಅಲ್ಲಿಯ ಕೋಟೆ ಅವರದೇ. 1705ರಲ್ಲಿ ಔರಂಗಜೇಬ ಖುದ್ದಾಗಿ ಬಂದು ವಾಗಿನಗೇರಿಯನ್ನು ಮುತ್ತಿದಾಗ ಎದುರು ನಿಂತವನು ಪಿಡ್ಡ ನಾಯಕ. ಈ ಸೀಮೆಯಲ್ಲಿ ನಾಯಕನೆಂದರೆ ದೊರೆ.

ದಕ್ಷಿಣ ಆಫ್ರಿಕದ ಚರಿತ್ರೆ ಓದುವಾಗ ಇಂತಹದೇ ಇನ್ನೊಂದು ಪದ ನನಗೆ ಎದುರಾಯಿತು: ಜುಲು ಭಾಷೆಯ 'ಇಂಡೂನ'. ಅರಸನ ಕೆಳಗಿನ ಮುಖಂಡ, ದಂಡಿನ ಮುಂದಾಳು, ಸಲಹೆಗಾರ ಎಂದೆಲ್ಲ ಅದಕ್ಕೆ ಅರ್ಥ. ಓದಿದ ಕೂಡಲೇ ನಮ್ಮ ಕಡೆಯ 'ಧಣಿ', 'ಧಣ್ಯಾರ' ನೆನಪಾದವು. ಸದ್ದು ಹತ್ತಿರ, ಅರ್ಥವೂ ಹತ್ತಿರ. ನಂಟು ಕಟ್ಟುವ ಆಸೆ ಯಾರಿಗಾಗದು?

ಆದರೆ ಪದಗಳನ್ನು ಬಿಡಿಸಿದರೆ ನಂಟು ಕಳಚಿಬೀಳುತ್ತದೆ. ಜುಲುವಿನಲ್ಲಿ 'ಇನ್' ಎಂಬುದು ಮುಂದೆ ಹತ್ತುವ ಪ್ರತ್ಯಯ. ಬಹುವಚನದಲ್ಲಿ ಪದ 'ಇಝಿಂಡೂನ' ಆಗುತ್ತದೆ. ಉಳಿಯುವ 'ಡೂನ'ಕ್ಕೆ ಗಂಡು ಎಂಬ ಅರ್ಥವಿದೆ. ನಮ್ಮ ಧಣಿಯಾದರೋ ಸಂಸ್ಕೃತದ 'ಧನ'ದಿಂದ ಬಂದವನು. ಒಬ್ಬನ ಬೇರು ಗಂಡಸುತನದಲ್ಲಿ, ಇನ್ನೊಬ್ಬನದು ಹಣದಲ್ಲಿ. ನಿಜವಾದ ದಾಯಾದಿಗಳು ಬೇರೆ ಇದ್ದಾರೆ. ತೆಲುಗಿನ ನಾಯುಡು, ಮರಾಠಿಯ ನಾಯಿಕ, ನಮ್ಮ ನಾಯಕ ಇವರೆಲ್ಲ 'ಮುನ್ನಡೆಸು' ಎಂಬರ್ಥದ ಒಂದೇ ಸಂಸ್ಕೃತ ಧಾತುವಿನ ಮಕ್ಕಳು.

ಹುಟ್ಟಿನಲ್ಲಿ ಸಿಗದ ನಂಟು ನನಗೆ ಹಣೆಬರಹದಲ್ಲಿ ಸಿಕ್ಕಿತು. 1879ರಲ್ಲಿ ಬ್ರಿಟಿಷರು ಜುಲು ರಾಜ್ಯವನ್ನು ಮುರಿದರು. ಮುಂದೆ ಕಬ್ಬಿನ ತೋಟಗಳಲ್ಲೂ ಚಿನ್ನದ ಗಣಿಗಳಲ್ಲೂ 'ಇಂಡೂನ' ಎಂದರೆ ಬಿಳಿಯ ಯಜಮಾನನ ಪರವಾಗಿ ಆಳುಗಳನ್ನು ನೋಡಿಕೊಳ್ಳುವ ಮೇಸ್ತ್ರಿ. ಇಲ್ಲಿ ಆದದ್ದೂ ಅದೇ. ಬ್ರಿಟಿಷರ ದೇಶೀ ಪಡೆಗಳಲ್ಲಿ 'ನಾಯಕ್' ಎಂದರೆ ಹವಾಲ್ದಾರನಿಗಿಂತ ಕೆಳಗಿನ ಸಣ್ಣ ಹುದ್ದೆ. 1858ರಲ್ಲಿ ಸುರಪುರದ ರಾಜಾ ವೆಂಕಟಪ್ಪ ನಾಯಕ ಅವರ ವಿರುದ್ಧ ಬಂಡೆದ್ದಾಗ ಕೋಟೆಯೊಳಗೆ ನಾಯಕನೆಂದರೆ ಅರಸ. ಕಂಪನಿಯ ಪಟ್ಟಿಯಲ್ಲಿ ಹತ್ತಾರು ಸಿಪಾಯಿಗಳ ಮೇಲಿನವನು. ಭಾರತೀಯ ಸೇನೆಯಲ್ಲಿ ಆ ಹುದ್ದೆ ಇಂದಿಗೂ ಅದೇ ಹೆಸರಿನಲ್ಲಿದೆ.

ಗೆದ್ದವರು ನೆಲವನ್ನಷ್ಟೇ ಕಸಿಯಲಿಲ್ಲ, ಪದಗಳಿಗೂ ಹಿಂಬಡ್ತಿ ಕೊಟ್ಟರು. ಆದರೂ ಸುರಪುರ ಸೀಮೆಯಲ್ಲಿ 'ನಾಯಕರು' ಎಂದು ಯಾರಾದರೂ ಅಂದರೆ ಕೇಳಿದವರ ಮನಸ್ಸಿಗೆ ಇಂದಿಗೂ ಬರುವವನು ಅರಸನೇ.